ಖಂಡಸ್ಫುಟಿತ ಜೀರ್ಣೋದ್ಧಾರ: ನಾರ್ತ್ ಆಡಮ್ಸ್ ಪಟ್ಟಣದ ಕಲಾಸಂಗ್ರಹಾಲಯವನ್ನು ಕುರಿತು ಒಂದು ವಿಮರ್ಶೆ

೧

ನಮ್ಮ ಶಿಲಾಶಾಸನಗಳ ಪರಿಚಯವುಳ್ಳವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ವೆಂಬ ಮಾತು ಹೊಸದಲ್ಲ. ಒಡೆದುದನ್ನೂ ಬಿರಿದುದನ್ನೂ ಶಿಥಿಲವಾದುದನ್ನೂ ಮತ್ತೆ ಎತ್ತಿ ನಿಲ್ಲಿಸುವುದಕ್ಕೆಂದು ಅರಸನೋ ಸಾಮಂತನೋ ಊರ ಸೆಟ್ಟಿಗಳೋ ದತ್ತಿ ಬಿಟ್ಟ ಸಂದರ್ಭಗಳಲ್ಲಿ ಈ ಮಾತು ಬರುತ್ತದೆ. ಆದರೆ ಅದು ಸಾಮಾನ್ಯವಾಗಿ ಒಂಟಿಯಾಗಿ ಬರುವುದಿಲ್ಲವೆಂಬುದನ್ನು ಗಮನಿಸಬೇಕು. ಅದರೊಡನೆ ದೇವರ ಅಂಗಭೋಗ ರಂಗಭೋಗಗಳ ಪ್ರಸ್ತಾಪವಿರುತ್ತದೆ. ಆಹಾರದಾನ ವಿದ್ಯಾದಾನಗಳ ಪ್ರಸ್ತಾಪವಿರುತ್ತದೆ. ಜೈನಶಾಸನಗಳಲ್ಲಾದರೆ ಆಹಾರ, ಅಭಯ, ಭೈಷಜ್ಯ, ಶಾಸ್ತ್ರ ಎಂಬ ನಾಲ್ಕು ದಾನಗಳ ಹೆಸರು ಕೇಳಿಬರುತ್ತದೆ. ಇವೆಲ್ಲವೂ ನಿಲ್ಲದೆ ನಡೆಯುವುದಕ್ಕಾಗಿ ಇಂತಿಷ್ಟು ಮತ್ತರು ಭೂಮಿ, ಇಂತಿಷ್ಟು ಸುಂಕದ ಆದಾಯ ಎಂಬ ಏರ್ಪಾಡೂ ಇರುತ್ತದೆ. ಕಟ್ಟಡ, ಕಲೆ, ಅನ್ನ, ವಿದ್ಯೆ ಇವು ಬೇರೆಬೇರೆ ಲೆಕ್ಕಗಳಲ್ಲವೆಂಬ ತಿಳಿವಳಿಕೆ ಆ ಬರೆಹಗಳ ಹಿಂದೆ ಇದೆ. ಗೋಡೆಯನ್ನು ಮಾತ್ರ ಎತ್ತಿ ದೀಪಕ್ಕೆ ಎಣ್ಣೆ ಬಿಡದವನನ್ನು ಶಾಸನಕಾರರು ಹೊಗಳಿದ್ದು ಅಪರೂಪ.

ಕೈಗಾರಿಕೆ ಅಳಿದ ಊರುಗಳನ್ನು ಕಲೆಯಿಂದ ಉದ್ಧರಿಸಬಹುದೆಂಬ ವಾದವು ಕಳೆದ ನಾಲ್ಕು ದಶಕಗಳಲ್ಲಿ ಪಾಶ್ಚಾತ್ಯ ದೇಶಗಳಲ್ಲಿ ಬಲವಾಗಿ ಬೆಳೆದಿದೆ. ಮುಚ್ಚಿದ ಕಾರಖಾನೆಯನ್ನು ಕಲಾಸಂಗ್ರಹಾಲಯವನ್ನಾಗಿ ಮಾಡುವುದು, ಅಗ್ಗದ ಬಾಡಿಗೆಯ ಆಸೆಯಿಂದ ಕಲಾವಿದರು ಬಂದು ನೆಲಸುವುದು, ಅವರ ಬೆನ್ನಿಗೆ ಪ್ರವಾಸಿಗಳೂ ಅಂಗಡಿಗಳೂ ಬರುವುದು, ಹೀಗೆ ಊರು ಚೇತರಿಸಿಕೊಳ್ಳುವುದು ಎಂಬುದು ಆ ವಾದದ ಸರಣಿ. ಅದನ್ನು ಪರೀಕ್ಷಿಸಿ ನೋಡಲು ಅಮೇರಿಕಾ ಸಂಯುಕ್ತ ಸಂಸ್ಥಾನಗಳ ನಾರ್ತ್ ಆಡಮ್ಸ್ ಎಂಬ ಸಣ್ಣ ಪಟ್ಟಣವು ಉತ್ತಮವಾದ ನಿದರ್ಶನ. ಅಲ್ಲಿ ನಡೆದ ಪ್ರಯೋಗವು ದೊಡ್ಡದು, ಪ್ರಾಮಾಣಿಕವಾದುದು, ಕಾಲು ಶತಮಾನಕ್ಕೂ ಮೀರಿ ಬಾಳಿದುದು. ನಮ್ಮ ಶಾಸನಕಾರರ ಅಳತೆಗೋಲನ್ನೇ ಹಿಡಿದು ಅದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೨

ನಾರ್ತ್ ಆಡಮ್ಸ್ ಇರುವುದು ಮ್ಯಾಸಚೂಸೆಟ್ಸ್ ಸಂಸ್ಥಾನದ ವಾಯವ್ಯ ಮೂಲೆಯಲ್ಲಿ, ಬರ್ಕ್‌ಷೈರ್ ಬೆಟ್ಟಗಳ ನಡುವೆ, ಹೂಸಿಕ್ ನದಿಯ ಎರಡು ಕವಲುಗಳು ಕೂಡುವ ತಾಣದಲ್ಲಿ. ನೀರಿನ ಬಲವನ್ನು ನಂಬಿ ಅಲ್ಲಿ ಗಿರಣಿಗಳು ಹುಟ್ಟಿದವು. ಬೆಟ್ಟವನ್ನು ಕೊರೆದು ರೈಲುದಾರಿ ಮಾಡುವ ಸಾಹಸವು ೧೮೫೧ರಲ್ಲಿ ಮೊದಲಾಗಿ ೧೮೭೫ರಲ್ಲಿ ಮುಗಿಯಿತು. ಸುಮಾರು ನಾಲ್ಕೂ ಮುಕ್ಕಾಲು ಮೈಲಿ ಉದ್ದದ ಆ ಹೂಸಾಕ್ ಸುರಂಗವು ಇನ್ನೂರಕ್ಕೆ ಹತ್ತಿರ ಕೆಲಸಗಾರರ ಪ್ರಾಣವನ್ನು ತೆಗೆದುಕೊಂಡಿತು. ಊರಿನ ಸಮೃದ್ಧಿಗೆ ತೆತ್ತ ಬೆಲೆಯಲ್ಲಿ ಇದನ್ನೂ ಸೇರಿಸಿಕೊಳ್ಳಬೇಕು.

೧೮೬೦ರಲ್ಲಿ ಆರ್ನಲ್ಡ್ ಸಹೋದರರು ಇಲ್ಲಿ ಹತ್ತಿಬಟ್ಟೆಗೆ ಬಣ್ಣದ ಅಚ್ಚು ಹಾಕುವ ಕಾರಖಾನೆಯನ್ನು ತೆರೆದರು. ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ ಉತ್ತರದ ಸೈನ್ಯಕ್ಕೆ ಬಟ್ಟೆಯನ್ನು ಒದಗಿಸುವ ಗುತ್ತಿಗೆ ಅವರಿಗೆ ದೊರೆಯಿತು. ಅದೇ ಯುದ್ಧವು ಅಮೇರಿಕದ ಹತ್ತಿ ಲಂಕಾಶೈರಿಗೆ ಹೋಗದಂತೆ ತಡೆದು ಮುಂಬಯಿಯ ವರ್ತಕರನ್ನು ಕುಬೇರರನ್ನಾಗಿ ಮಾಡಿದುದನ್ನೂ, ಧಾರವಾಡ ಸೀಮೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆಯನ್ನು ತಂದುದನ್ನೂ ವಾಚಕರು ಬಲ್ಲರು. ನಾರ್ತ್ ಆಡಮ್ಸ್ ಮತ್ತು ಮುಂಬಯಿ ಒಂದೇ ಕಾಲದಲ್ಲಿ, ಒಂದೇ ನಾರಿನ ವ್ಯಾಪಾರದಿಂದ ಮೇಲೆದ್ದ ಊರುಗಳು. ೧೮೭೧ರಲ್ಲಿ ಬಿದ್ದ ಬೆಂಕಿಯಲ್ಲಿ ಕಾರಖಾನೆಯ ಎಂಟು ಕಟ್ಟಡಗಳು ಸುಟ್ಟುಹೋದವು. ಮಾಲಿಕರು ಮತ್ತೆ ಕಟ್ಟಿದರು. ಈಗ ಕಾಣುವ ೨೬ ಕಟ್ಟಡಗಳಲ್ಲಿ ೨೫ ಕಟ್ಟಡಗಳು ೧೯೦೦ರ ವೇಳೆಗೆ ನಿಂತಿದ್ದವು. ೧೯೦೫ರ ಸುಮಾರಿಗೆ ಅಲ್ಲಿ ೩,೨೦೦ ಮಂದಿ ದುಡಿಯುತ್ತಿದ್ದರು; ನ್ಯೂಯಾರ್ಕಿನಲ್ಲಿಯೂ ಪ್ಯಾರಿಸ್ಸಿನಲ್ಲಿಯೂ ಅದರ ಕಚೇರಿಗಳಿದ್ದವು. ಬಟ್ಟೆಯ ಮೇಲಿನ ಹೂಬಳ್ಳಿಗಳಲ್ಲದೆ, ತಾಯಂದಿರು ಮನೆಯಲ್ಲಿ ಕತ್ತರಿಸಿ ಹೊಲಿದು ಹತ್ತಿ ತುಂಬಿಕೊಳ್ಳುವ ಗೊಂಬೆಗಳ ಚಿತ್ರಗಳನ್ನೂ ಅದು ಅಚ್ಚು ಹಾಕುತ್ತಿತ್ತು.

೧೯೪೨ರಲ್ಲಿ ಆರ್ನಲ್ಡ್ ಕಾರಖಾನೆ ಆ ಸ್ಥಳವನ್ನು ಬಿಟ್ಟಿತು. ಸ್ಪ್ರೇಗ್ ಎಂಬ ವಿದ್ಯುದುಪಕರಣಗಳ ಸಂಸ್ಥೆ ಅದನ್ನು ಕೊಂಡುಕೊಂಡಿತು. ಯುದ್ಧಕಾಲದಲ್ಲಿ ಆಯುಧಗಳ ಸೂಕ್ಷ್ಮಭಾಗಗಳನ್ನೂ, ಆಮೇಲೆ ರೇಡಿಯೋ ಮುಂತಾದ ಯಂತ್ರಗಳಿಗೆ ಬೇಕಾದ ಕೆಪಾಸಿಟರುಗಳನ್ನೂ ಅದು ತಯಾರಿಸಿತು. ೧೯೬೬ರಲ್ಲಿ ಸುಮಾರು ೧೮,೦೦೦ ಜನರ ಆ ಊರಿನಲ್ಲಿ ೪,೧೩೭ ಮಂದಿ ಸ್ಪ್ರೇಗಿನ ನೌಕರರಾಗಿದ್ದರು. ಆ ಆವರಣದೊಳಗೆ ನೌಕರರ ರೇಡಿಯೋ ಕೇಂದ್ರವಿತ್ತು, ವಾದ್ಯಮೇಳವಿತ್ತು, ಕಸಬಿನ ಶಾಲೆಯಿತ್ತು, ಸಂಶೋಧನ ಗ್ರಂಥಾಲಯವಿತ್ತು, ಚಿಕಿತ್ಸಾಲಯವಿತ್ತು, ಸಹಕಾರಿ ಕಿರಾಣಿ ಅಂಗಡಿಯಿತ್ತು, ಮಕ್ಕಳನ್ನು ನೋಡಿಕೊಳ್ಳುವ ವ್ಯವಸ್ಥೆಯಿತ್ತು. ಎಂದರೆ ಅಂಗಭೋಗ, ರಂಗಭೋಗ, ಆಹಾರ, ಭೈಷಜ್ಯ, ಶಾಸ್ತ್ರಗಳು ಒಂದೇ ಪ್ರಾಕಾರದೊಳಗೆ ಕೂಡಿದ್ದವು. ಸಂಗ್ರಹಾಲಯವು ಬರುವುದಕ್ಕೆ ಮೊದಲು ಆ ಊರಿಗೆ ಕಲೆಯ ಗಂಧವಿರಲಿಲ್ಲವೆಂಬ ಭಾವನೆ ಈ ಒಂದು ಪಟ್ಟಿಯಿಂದಲೇ ನಿವಾರಣೆಯಾಗಬೇಕು.

ಇದನ್ನು ಸತ್ಯಯುಗವೆಂದು ಭ್ರಮಿಸಬೇಕಾಗಿಲ್ಲ. ೧೯೭೦ರಲ್ಲಿ ಅಲ್ಲಿಯ ಕಾರ್ಮಿಕರು ದೀರ್ಘವಾದ ಮುಷ್ಕರವನ್ನು ಹೂಡಬೇಕಾಯಿತು. ಪುನರ್ನಿರ್ಮಾಣವೆಂಬ ಹೆಸರಿನಲ್ಲಿ ಆ ಕಾಲದಲ್ಲಿಯೇ ಮುಖ್ಯ ಬೀದಿಯ ಹಳೆಯ ಕಟ್ಟಡಗಳ ಒಂದು ದೊಡ್ಡ ಭಾಗವನ್ನು ಕೆಡವಿದರು. ಕೊನೆಗೆ ಪರದೇಶಗಳ ಪೈಪೋಟಿಯನ್ನು ತಾಳಲಾರದೆ ೧೯೮೫ರಲ್ಲಿ ಸ್ಪ್ರೇಗ್ ಆ ಆವರಣದ ಬಾಗಿಲನ್ನು ಮುಚ್ಚಿತು. ಒಂದೇ ಕಂಬದ ಮೇಲೆ ನಿಂತ ಮಂಟಪಕ್ಕೆ ಆ ಕಂಬ ಕಳಚಿದಾಗ ಏನಾಗುತ್ತದೆಯೋ ಅದೇ ಊರಿಗೂ ಆಯಿತು.

೩

೧೯೮೬ರಲ್ಲಿ ನೆರೆಯ ವಿಲಿಯಮ್ಸ್ ಕಾಲೇಜಿನ ಕಲಾಸಂಗ್ರಹಾಲಯದ ನಿರ್ದೇಶಕನಾಗಿದ್ದ ಥಾಮಸ್ ಕ್ರೆನ್ಸ್, ಸಾಮಾನ್ಯ ಕೊಠಡಿಗಳಲ್ಲಿ ಹಿಡಿಸದಷ್ಟು ದೊಡ್ಡದಾದ ಆಧುನಿಕ ಕಲಾಕೃತಿಗಳಿಗೆ ಜಾಗವನ್ನು ಹುಡುಕುತ್ತಿದ್ದನು. ಪಟ್ಟಣದ ಮೇಯರ್ ಜಾನ್ ಬ್ಯಾರೆಟ್ ಅವನಿಗೆ ಬರಿದಾದ ಸ್ಪ್ರೇಗ್ ಆವರಣವನ್ನು ತೋರಿಸಿದನು. ಒಬ್ಬನಿಗೆ ಗೋಡೆ ಬೇಕಾಗಿತ್ತು, ಇನ್ನೊಬ್ಬನಿಗೆ ಗೋಡೆಯೊಳಗೆ ಜನ ಬೇಕಾಗಿತ್ತು. ಯೋಜನೆಯು ಹುಟ್ಟಿದುದು ಹೀಗೆ. ೧೯೮೮ರಲ್ಲಿ ಸಂಸ್ಥಾನದ ಶಾಸನಸಭೆ ೩೫ ಮಿಲಿಯ (ಮೂರೂವರೆ ಕೋಟಿ) ಡಾಲರುಗಳಿಗೆ ಮಂಜೂರಾತಿ ಕೊಟ್ಟಿತು. ಕೂಡಲೇ ಸಂಸ್ಥಾನದ ಹಣಕಾಸು ಕುಸಿದು ಕೆಲಸ ನಿಂತಿತು. ಕ್ರೆನ್ಸ್ ನ್ಯೂಯಾರ್ಕಿನ ಗುಗೆನ್‌ಹೈಮ್ ಸಂಸ್ಥೆಗೆ ಹೋದನು. ಜೋಸೆಫ್ ಥಾಮ್ಸನ್ ಹೊಣೆ ಹೊತ್ತು ಸುಮಾರು ಹತ್ತು ವರ್ಷ ಕಾದನು. ೧೯೯೯ರ ಮೇ ತಿಂಗಳಲ್ಲಿ ‘ಮಾಸ್ ಮೋಕಾ’ ಎಂಬ ಚಿಕ್ಕ ಹೆಸರಿನಿಂದ ಕರೆಯಲ್ಪಡುವ ಮ್ಯಾಸಚೂಸೆಟ್ಸ್ ಸಮಕಾಲೀನ ಕಲಾಸಂಗ್ರಹಾಲಯವು ತೆರೆಯಿತು.

ಈ ವಿಳಂಬದಿಂದ ಒಂದು ಲಾಭವಾಯಿತೆಂದೇ ಹೇಳಬೇಕು. ಪ್ರಸಿದ್ಧ ಕೃತಿಗಳನ್ನು ತಂದಿಟ್ಟು ಕಾಯುವ ಭಂಡಾರವಾಗಬೇಕೆಂದಿದ್ದ ಸಂಸ್ಥೆ, ಹಣವಿಲ್ಲದ ವರ್ಷಗಳಲ್ಲಿ ತನ್ನ ಕಲ್ಪನೆಯನ್ನು ಬದಲಾಯಿಸಿಕೊಂಡಿತು. ಸಂಗ್ರಹಾಲಯವೆಂಬ ಹೆಸರಿದ್ದರೂ ಅದಕ್ಕೆ ಸ್ವಂತ ಸಂಗ್ರಹವೆಂಬುದಿಲ್ಲ. ಕಲಾವಿದರು ಬಂದು ಅಲ್ಲಿಯೇ ಕೃತಿಯನ್ನು ಕಟ್ಟುತ್ತಾರೆ; ಸಂಗೀತ ನೃತ್ಯ ನಾಟಕಗಳು ಅಲ್ಲಿಯೇ ತಾಲೀಮಾಗಿ ಪ್ರದರ್ಶನಗೊಳ್ಳುತ್ತವೆ; ಕಟ್ಟಡಗಳ ಒಂದು ಭಾಗವನ್ನು ವ್ಯಾಪಾರ ಸಂಸ್ಥೆಗಳಿಗೆ ಬಾಡಿಗೆಗೆ ಕೊಟ್ಟು ಆದಾಯವನ್ನು ಪಡೆಯುತ್ತಾರೆ. ಕಾರಖಾನೆಯ ಇಟ್ಟಿಗೆ ಗೋಡೆ, ಮರದ ತೊಲೆ, ಸವೆದ ನೆಲಗಳನ್ನು ಮರೆಮಾಚಲಿಲ್ಲ. ೨೦೧೭ರಲ್ಲಿ ಆರನೆಯ ಕಟ್ಟಡವನ್ನು ತೆರೆದಾಗ ಪ್ರದರ್ಶನದ ಜಾಗ ಹೆಚ್ಚುಕಡಿಮೆ ಇಮ್ಮಡಿಯಾಯಿತು. ಖಂಡಸ್ಫುಟಿತ ಜೀರ್ಣೋದ್ಧಾರವೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಆಧುನಿಕ ಜಗತ್ತಿನಲ್ಲಿ ಸುಲಭವಾಗಿ ಸಿಕ್ಕಲಾರದು. ಕೆಡವಿ ಹೊಸದನ್ನು ಕಟ್ಟುವುದನ್ನೇ ಅಭಿವೃದ್ಧಿಯೆಂದು ತಿಳಿದವರು ಇದನ್ನು ನೋಡಿ ಕಲಿಯುವುದು ಬಹಳವಿದೆ.

೪

ರಂಗಭೋಗದ ವಿಷಯಕ್ಕೆ ಬರೋಣ. ಅಲ್ಲಿ ನಿರ್ಮಾಣವಾದ, ಪ್ರದರ್ಶನಗೊಂಡ ಕೃತಿಗಳು ಆ ಸ್ಥಳದ ಶ್ರಮದ ನೆನಪಿನೊಡನೆ ಯಾವ ಸಂಬಂಧವನ್ನು ಇಟ್ಟುಕೊಂಡಿವೆ? ಮೂರು ಕೃತಿಗಳನ್ನು ತೆಗೆದುಕೊಂಡು ಈ ಪ್ರಶ್ನೆಯನ್ನು ಪರಿಶೀಲಿಸಬಹುದು.

ಮೊದಲನೆಯದು ಸಾಲ್ ಲೆವಿಟ್ಟನ ಗೋಡೆಚಿತ್ರಗಳು. ೨೦೦೮ರಲ್ಲಿ ಏಳನೆಯ ಕಟ್ಟಡದ ಮೂರು ಅಂತಸ್ತುಗಳ ಗೋಡೆಗಳ ಮೇಲೆ ಅವನ ೧೦೫ ಚಿತ್ರಗಳನ್ನು ಬರೆಯಲಾಯಿತು. ಅಷ್ಟರಲ್ಲಿ ಲೆವಿಟ್ ತೀರಿಕೊಂಡು ಒಂದು ವರ್ಷಕ್ಕೂ ಮೇಲಾಗಿತ್ತು. ಅದರಿಂದ ಕೆಲಸಕ್ಕೆ ಯಾವ ಅಡ್ಡಿಯೂ ಆಗಲಿಲ್ಲ. ಏಕೆಂದರೆ ಅವನ ಪದ್ಧತಿಯಲ್ಲಿ ಕಲಾವಿದನು ಕೊಡುವುದು ಸೂಚನೆಗಳನ್ನು. ಗೆರೆ ಎಳೆಯುವವರು, ಬಣ್ಣ ಬಳಿಯುವವರು ಬೇರೆಯವರು. ಸುಮಾರು ೬೫ ಮಂದಿ ಕಲಾವಿದರೂ ವಿದ್ಯಾರ್ಥಿಗಳೂ ಹೆಚ್ಚುಕಡಿಮೆ ಆರು ತಿಂಗಳು ದುಡಿದು ಅವನ್ನು ಮುಗಿಸಿದರು. ಬಟ್ಟೆಗೆ ಅಚ್ಚು ಹಾಕುತ್ತಿದ್ದ ಕಾರಖಾನೆಯಲ್ಲಿ ಈ ಪದ್ಧತಿಗಿಂತ ಸಹಜವಾದುದು ಯಾವುದಿದ್ದೀತು? ಅಲ್ಲಿಯೂ ಒಬ್ಬನು ನಮೂನೆಯನ್ನು ಕಲ್ಪಿಸುತ್ತಿದ್ದನು, ನೂರಾರು ಮಂದಿ ಅದನ್ನು ಬಟ್ಟೆಯ ಮೇಲೆ ಇಳಿಸುತ್ತಿದ್ದರು. ಆದರೆ ಒಂದು ಭೇದವುಂಟು. ಲೆವಿಟ್ಟನ ಚಿತ್ರಗಳ ಫಲಕಗಳಲ್ಲಿ ಅದನ್ನು ಮೊದಲು ಬರೆದ ಕೈಗಳ ಹೆಸರುಗಳನ್ನು ಕಾಣಿಸುವ ಸಂಪ್ರದಾಯವಿದೆ. ಆರ್ನಲ್ಡ್ ಕಾರಖಾನೆಯ ಬಟ್ಟೆಯ ಅಂಚಿನಲ್ಲಿ ಬಣ್ಣಗಾರನ ಹೆಸರಿರಲಿಲ್ಲ. ಕೈಗೆ ಸಲ್ಲಬೇಕಾದ ಮನ್ನಣೆಯನ್ನು ಕಲೆಯು ಕೈಗಾರಿಕೆಗಿಂತ ಚೆನ್ನಾಗಿ ಸಲ್ಲಿಸಬಲ್ಲುದೆಂಬುದಕ್ಕೆ ಇದು ಸಾಕ್ಷಿ.

ಎರಡನೆಯದು ಇದಕ್ಕೆ ತೀರ ವಿರುದ್ಧವಾದುದು. ಕ್ರಿಸ್ಟೋಫ್ ಬ್ಯೂಖೆಲ್ ಎಂಬ ಸ್ವಿಸ್ ಕಲಾವಿದನು ಫುಟ್‌ಬಾಲ್ ಮೈದಾನದಷ್ಟು ದೊಡ್ಡದಾದ ಐದನೆಯ ಕಟ್ಟಡದಲ್ಲಿ, ಪ್ರಜಾಪ್ರಭುತ್ವದ ತಾಲೀಮು ಮೈದಾನವೆಂಬ ಅರ್ಥದ ಹೆಸರಿನ ಭಾರಿ ಕೃತಿಯನ್ನು ಕಟ್ಟಲು ತೊಡಗಿದನು. ಒಂದು ಇಡೀ ಮನೆ, ಸಿನಿಮಾ ಮಂದಿರ, ಹಡಗಿನ ಸರಕು ಪೆಟ್ಟಿಗೆಗಳು ಇವೆಲ್ಲ ಅದರ ಅಂಗಗಳು. ಸಾಮಗ್ರಿಯನ್ನು ಕೂಡಿಸಿ ನಿಲ್ಲಿಸುವ ದುಡಿಮೆ ಬಹುಮಟ್ಟಿಗೆ ಸಂಗ್ರಹಾಲಯದ ನೌಕರರ ಪಾಲಿಗೆ ಬಂದಿತು. ಖರ್ಚು ಅಂದಾಜನ್ನು ಮೀರಿತು, ಮನಸ್ತಾಪ ಹೆಚ್ಚಿತು, ಕೃತಿ ಅಪೂರ್ಣವಾಗಿ ನಿಂತಿತು. ೨೦೦೭ರಲ್ಲಿ ಸಂಗ್ರಹಾಲಯವೇ ನ್ಯಾಯಾಲಯಕ್ಕೆ ಹೋಯಿತು. ಅಪೂರ್ಣ ಕೃತಿಯನ್ನು ಜನರಿಗೆ ತೋರಿಸಬಹುದೆಂದು ಕೆಳಗಿನ ನ್ಯಾಯಾಲಯ ತೀರ್ಪು ಕೊಟ್ಟರೂ ಸಂಗ್ರಹಾಲಯ ಅದನ್ನು ಬಿಚ್ಚಿಹಾಕಿತು. ೨೦೧೦ರಲ್ಲಿ ಮೇಲಿನ ನ್ಯಾಯಾಲಯವು, ಕಲಾವಿದನ ನೈತಿಕ ಹಕ್ಕನ್ನು ಕಾಯುವ ಕಾನೂನು ಮುಗಿಯದ ಕೃತಿಗೂ ಅನ್ವಯಿಸುತ್ತದೆಂದು ಹೇಳಿತು. ಕಲಾವಿದನ ಹಕ್ಕಿನ ದೃಷ್ಟಿಯಿಂದ ಈ ತೀರ್ಪು ಸ್ವಾಗತಾರ್ಹವೇ ಸರಿ. ಆದರೆ ಆ ವ್ಯಾಜ್ಯದಲ್ಲಿ ಕಲ್ಪಿಸಿದವನ ಹಕ್ಕು, ಹಣ ಹಾಕಿದವರ ಹಕ್ಕು ಎಂಬ ಎರಡೇ ಪಕ್ಷಗಳಿದ್ದವು. ಕಟ್ಟಿದ ಕೈಗಳಿಗೆ ಪಕ್ಷವೇ ಇರಲಿಲ್ಲ. ಹಳೆಯ ಕಾರಖಾನೆಯ ಸಮಸ್ಯೆಯೇ ಹೊಸ ವೇಷದಲ್ಲಿ ಬಂದಿತೆಂದರೆ ತಪ್ಪಾಗಲಾರದು.

ಮೂರನೆಯದು ಚೀನದ ಶೂ ಬಿಂಗನ ‘ಫೀನಿಕ್ಸ್’. ೨೦೧೨ರ ಕೊನೆಯಿಂದ ಮರುವರ್ಷದವರೆಗೆ ಅದೇ ಐದನೆಯ ಕಟ್ಟಡದ ಸೂರಿನಿಂದ ತೂಗಿದ ಎರಡು ಮಹಾಪಕ್ಷಿಗಳಿವು. ಬೀಜಿಂಗಿನಲ್ಲಿ ಎತ್ತರದ ಕಟ್ಟಡಗಳನ್ನು ಕಟ್ಟುತ್ತಿದ್ದ ವಲಸೆಯ ಕೂಲಿಗಳ ಸನಿಕೆ, ತಲೆಗಾಪು, ಕಬ್ಬಿಣದ ಕೊಳವೆ, ಉಳಿದುಬಿದ್ದ ಚೂರುಪಾರುಗಳಿಂದಲೇ ಅವುಗಳ ರೆಕ್ಕೆಪುಕ್ಕಗಳನ್ನು ಜೋಡಿಸಲಾಗಿತ್ತು. ದೂರದಿಂದ ರಾಜಗಾಂಭೀರ್ಯ, ಹತ್ತಿರ ಹೋದರೆ ಬೆವರಿನ ಸಾಮಾನು. ಏಷ್ಯದ ಪೈಪೋಟಿಯಿಂದ ಕೆಲಸ ಕಳೆದುಕೊಂಡ ಊರಿನಲ್ಲಿ ಏಷ್ಯದ ಕೂಲಿಯ ಸನಿಕೆಯನ್ನು ತಂದು ತೂಗಿಸಿದಾಗ, ಇಬ್ಬರೂ ಒಂದೇ ಕಥೆಯ ಎರಡು ಕೊನೆಗಳೆಂಬುದು ವ್ಯಾಖ್ಯಾನವಿಲ್ಲದೆಯೇ ಹೊಳೆಯುತ್ತದೆ. ಸ್ಥಳವು ಕೃತಿಗೆ ಅರ್ಥವನ್ನು ಕೊಡುವುದೆಂದರೆ ಇದು.

ಇನ್ನು, ಆ ಊರಿನಲ್ಲಿಯೇ ಹುಟ್ಟಿದ ನ್ಯಾನ್ಸಿ ಕೆಲಿ ೨೦೦೨ರಲ್ಲಿ ಹೊರತಂದ ‘ಡೌನ್‌ಸೈಡ್ ಅಪ್’ ಎಂಬ ಸಾಕ್ಷ್ಯಚಿತ್ರವನ್ನೂ ಹೆಸರಿಸಬೇಕು. ೧೯೯೯ರಲ್ಲಿ ನಟಾಲಿ ಜೆರಿಮಿಜೆಂಕೊ ಎಂಬ ಕಲಾವಿದೆ ಸಂಗ್ರಹಾಲಯದ ಅಂಗಳದಲ್ಲಿ ಆರು ಜೀವಂತ ಮೇಪಲ್ ಮರಗಳನ್ನು ತಲೆಕೆಳಗಾಗಿ ತೂಗುಹಾಕಿದ್ದಳು. ಬೆಳೆಯುತ್ತ ಬೆಳೆಯುತ್ತ ಅವುಗಳ ಕೊಂಬೆಗಳು ಬೆಳಕಿನ ಕಡೆಗೆ ಮೇಲಕ್ಕೆ ತಿರುಗಿದವು. ಚಿತ್ರದ ಹೆಸರಿಗೂ ಆ ಮರಗಳಿಗೂ ಇರುವ ಸಂಬಂಧ ಸ್ಪಷ್ಟ. ಊರಿನವರ ಅನುಮಾನ, ಕುತೂಹಲ, ಮೆಲ್ಲಗೆ ಮೂಡುವ ಒಲವು ಇವನ್ನು ಕೆಲಿ ಒಳಗಿನವಳ ಕಣ್ಣಿನಿಂದ ತೋರಿಸಿದ್ದಾಳೆ. ಆದರೆ ಆ ಚಿತ್ರ ತಯಾರಾದಾಗ ಸಂಗ್ರಹಾಲಯದ ವಯಸ್ಸು ಮೂರು ವರ್ಷ. ಆಶೆಯನ್ನು ಅದು ಸರಿಯಾಗಿ ದಾಖಲಿಸಿದೆ. ಫಲವನ್ನು ದಾಖಲಿಸುವುದು ಅದಕ್ಕೆ ಸಾಧ್ಯವಿರಲಿಲ್ಲ.

೫

ಫಲವನ್ನು ಕಾಣಬೇಕಾದರೆ ಜನಗಣತಿಯನ್ನು ನೋಡಬೇಕು. ೧೯೦೦ರಲ್ಲಿ ನಾರ್ತ್ ಆಡಮ್ಸಿನ ಜನಸಂಖ್ಯೆ ೨೪,೨೦೦. ೧೯೮೦ರಲ್ಲಿ ೧೮,೦೬೩, ೧೯೯೦ರಲ್ಲಿ ೧೬,೭೯೭, ೨೦೦೦ದಲ್ಲಿ ೧೪,೬೮೧, ೨೦೧೦ರಲ್ಲಿ ೧೩,೭೦೮, ೨೦೨೦ರಲ್ಲಿ ೧೨,೯೬೧. ಲಕ್ಷಕ್ಕೂ ಮೀರಿದ ಪ್ರೇಕ್ಷಕರನ್ನು ವರ್ಷವರ್ಷವೂ ಬರಮಾಡಿಕೊಳ್ಳತೊಡಗಿದ ಊರಿನಲ್ಲಿ ವಾಸಿಸುವವರ ಸಂಖ್ಯೆ ಇಳಿಯುತ್ತಲೇ ಬಂದಿದೆ. ಸಂಗ್ರಹಾಲಯದ ಪಕ್ಷದವರು ಇದಕ್ಕೆ ಕೊಡುವ ಉತ್ತರವನ್ನು ತಳ್ಳಿಹಾಕಲಾಗದು. ೧೯೯೦ರ ದಶಕದಲ್ಲಿ ಊರು ೨,೧೧೬ ಜನರನ್ನು ಕಳೆದುಕೊಂಡಿತು. ಸಂಗ್ರಹಾಲಯ ತೆರೆದ ಮೇಲಿನ ದಶಕದಲ್ಲಿ ೯೭೩ ಜನರನ್ನು, ಅದರ ಮುಂದಿನದರಲ್ಲಿ ೭೪೭ ಜನರನ್ನು. ಇಳಿಜಾರಿನ ವೇಗ ತಗ್ಗಿದೆಯೆಂಬುದು ನಿಜ. ಅದಕ್ಕೆ ಸಂಗ್ರಹಾಲಯವೊಂದೇ ಕಾರಣವೆನ್ನಲು ಬರುವುದಿಲ್ಲ; ಹೋಗಬೇಕಾದವರು ಬಹುಮಟ್ಟಿಗೆ ಹೋಗಿಯಾಗಿತ್ತೆಂಬುದೂ ಒಂದು ಕಾರಣವಾಗಿರಬಹುದು. ಆದರೂ ಆ ಕಟ್ಟಡಗಳು ಹಾಳುಬಿದ್ದೇ ಇದ್ದಿದ್ದರೆ ಸ್ಥಿತಿ ಇನ್ನೂ ಕೆಡುತ್ತಿತ್ತೆಂದು ಒಪ್ಪಿಕೊಳ್ಳುವುದು ನ್ಯಾಯ.

ಈಗ ನಾಲ್ಕು ದಾನಗಳ ಲೆಕ್ಕ. ಆಹಾರವೆಂದರೆ ಉದ್ಯೋಗ. ೧೯೬೬ರ ೪,೧೩೭ ಉದ್ಯೋಗಗಳನ್ನು ಯಾವ ಕಲಾಸಂಸ್ಥೆಯೂ ತುಂಬಿಕೊಡಲಾರದು. ಅದನ್ನು ಅಪೇಕ್ಷಿಸುವುದೂ ಸರಿಯಲ್ಲ. ಆದರೆ ಇರುವ ಉದ್ಯೋಗಗಳ ಗುಣವನ್ನು ಕೇಳುವುದು ಸರಿ. ೨೦೨೧ರಲ್ಲಿ ಸಂಗ್ರಹಾಲಯದ ನೌಕರರು ಮೋಟಾರು ಕಾರ್ಮಿಕರ ಸಂಘದ ಒಂದು ಶಾಖೆಗೆ ಸೇರಿಕೊಂಡರು. ೨೦೨೨ರ ಆಗಸ್ಟಿನಲ್ಲಿ ಒಂದು ದಿನ ಕೆಲಸ ನಿಲ್ಲಿಸಿದರು. ೨೦೨೪ರ ಮಾರ್ಚಿನಲ್ಲಿ ಸುಮಾರು ೧೨೦ ಮಂದಿ, ಕೂಲಿಯನ್ನು ಹೆಚ್ಚಿಸಬೇಕೆಂದು ಕೇಳಿ ಕೆಲವು ವಾರಗಳ ಮುಷ್ಕರವನ್ನು ನಡೆಸಿದರು. ೧೯೭೦ರಲ್ಲಿ ಕೆಪಾಸಿಟರ್ ಮಾಡುವವರು ನಿಂತ ಬಾಗಿಲಿನಲ್ಲಿಯೇ ಚಿತ್ರಗಳನ್ನು ನಿಲ್ಲಿಸುವವರು, ಟಿಕೇಟು ಕೊಡುವವರು, ಪ್ರೇಕ್ಷಕರಿಗೆ ದಾರಿ ತೋರುವವರು ನಿಂತರು. ಇದನ್ನು ಸಂಗ್ರಹಾಲಯದ ಸೋಲೆಂದು ಬಗೆಯಬೇಕಾಗಿಲ್ಲ. ಕಲೆಯ ಆವರಣದಲ್ಲಿಯೂ ದುಡಿಮೆ ದುಡಿಮೆಯೇ ಎಂಬುದನ್ನು ಅದು ಸ್ಥಾಪಿಸಿತು. ಊರಿಗೆ ಬಂದದ್ದು ಅತಿಥಿಯಲ್ಲ, ಒಬ್ಬ ಧಣಿ ಎಂಬುದನ್ನೂ ಸ್ಥಾಪಿಸಿತು. ಧಣಿಯಿಂದ ಕೇಳಬೇಕಾದುದನ್ನು ಕೇಳಲೇಬೇಕು. ನಾಳೆಯ ಕೂಲಿಯನ್ನು ಕುರಿತ ಭಯವಿಲ್ಲದಿರುವುದೇ ಅಭಯ.

ಭೈಷಜ್ಯದ ವಿಷಯ ಹೇಳುವುದಕ್ಕೇ ಕಷ್ಟ. ಪಟ್ಟಣದ ಆಸ್ಪತ್ರೆ ೨೦೧೪ರ ಮಾರ್ಚಿನಲ್ಲಿ ಕೆಲವೇ ದಿನಗಳ ಸೂಚನೆ ಕೊಟ್ಟು ಮುಚ್ಚಿಹೋಯಿತು. ಸಣ್ಣ ರೂಪದಲ್ಲಿ ಅದು ಮತ್ತೆ ತೆರೆದುದು ೨೦೨೪ರಲ್ಲಿ. ನಡುವಿನ ಹತ್ತು ವರ್ಷ ಆ ಊರಿನಲ್ಲಿ ಜಗತ್ಪ್ರಸಿದ್ಧವಾದ ಕಲಾಸಂಗ್ರಹಾಲಯವಿತ್ತು, ರೋಗಿಯನ್ನು ಮಲಗಿಸಿಕೊಳ್ಳುವ ಆಸ್ಪತ್ರೆಯಿರಲಿಲ್ಲ. ಇದರ ಹೊಣೆಯನ್ನು ಸಂಗ್ರಹಾಲಯದ ಮೇಲೆ ಹೊರಿಸುವುದು ಅವಿವೇಕ. ಆದರೆ ಊರು ‘ಪುನರುಜ್ಜೀವನ’ ಹೊಂದಿತೆಂದು ಬರೆಯುವವರು ಈ ಸಂಗತಿಯನ್ನು ಬಿಟ್ಟು ಬರೆದರೆ ಆ ಬರೆಹವನ್ನು ಪ್ರಶಸ್ತಿಯೆಂದು ಕರೆಯಬಹುದೇ ಹೊರತು ಚರಿತ್ರೆಯೆಂದು ಕರೆಯಲಾಗದು.

ಸ್ಥಳದ ರಚನೆಯಲ್ಲಿಯೂ ಈ ಅಗಲಿಕೆ ಕಾಣುತ್ತದೆ. ಮುಖ್ಯ ಬೀದಿಗೂ ಸಂಗ್ರಹಾಲಯಕ್ಕೂ ನಡುವೆ ಹೆದ್ದಾರಿಯ ಮೇಲ್ಸೇತುವೆಯೊಂದು ಅಡ್ಡವಾಗಿ ಬಂದಿದೆ. ಸಂಗ್ರಹಾಲಯಕ್ಕೆ ಬಂದ ಪ್ರೇಕ್ಷಕನು ಊರಿನ ಅಂಗಡಿಯ ಮೆಟ್ಟಿಲನ್ನು ತುಳಿಯದೆಯೇ ಹಿಂತಿರುಗಬಹುದು. ಸಂಗ್ರಹಾಲಯದ ಎದುರಿಗಿದ್ದ ಗಿರಣಿ ಕೆಲಸಗಾರರ ಹಳೆಯ ಮನೆಗಳ ಸಾಲನ್ನು ಸೊಗಸಾಗಿ ದುರಸ್ತಿ ಮಾಡಿ ೨೦೦೧ರಲ್ಲಿ ಪ್ರವಾಸಿಗಳ ವಸತಿಗೃಹವನ್ನಾಗಿ ಮಾಡಿದರು. ಮನೆಗಳು ಉಳಿದವು, ಅವುಗಳಲ್ಲಿ ಮಲಗುವವರು ರಾತ್ರಿಗೊಬ್ಬರಾದರು.

೬

ಹೊರಗಿನಿಂದ ಬಂದವರ ವಿಷಯದಲ್ಲಿ ನಾರ್ತ್ ಆಡಮ್ಸಿಗೆ ಹಳೆಯ ಅನುಭವವಿದೆ. ಐರ್ಲೆಂಡಿನವರು, ಫ್ರೆಂಚ್ ಭಾಷೆಯ ಕೆನಡಾದವರು, ಇಟಲಿಯವರು ಒಬ್ಬರ ಹಿಂದೆ ಒಬ್ಬರು ಬಂದು ಅಲ್ಲಿಯ ಗಿರಣಿಗಳಲ್ಲಿ ದುಡಿದವರೇ. ೧೮೭೦ರಲ್ಲಿ ಕ್ಯಾಲ್ವಿನ್ ಸ್ಯಾಂಪ್ಸನ್ ಎಂಬ ಪಾದರಕ್ಷೆಯ ಕಾರಖಾನೆಯ ಮಾಲಿಕನು ಮುಷ್ಕರ ಹೂಡಿದ ಚಮ್ಮಾರರ ಸಂಘವನ್ನು ಮುರಿಯುವುದಕ್ಕೆಂದು ಸ್ಯಾನ್‌ಫ್ರಾನ್ಸಿಸ್ಕೋದಿಂದ ೭೫ ಮಂದಿ ಚೀನೀ ತರುಣರನ್ನು ಕರೆಸಿದನು. ತಾವು ಯಾರ ಅನ್ನಕ್ಕೆ ಅಡ್ಡವಾಗಿ ನಿಂತಿದ್ದೇವೆಂಬುದನ್ನು ಅರಿಯದ ಎಳೆಯರು ಅವರು. ಕಾರಖಾನೆಯ ಮುಂದೆ ಸಾಲಾಗಿ ನಿಂತ ಅವರ ಛಾಯಾಚಿತ್ರ ಇಂದಿಗೂ ಉಳಿದಿದೆ. ಊರಿನ ಇಗರ್ಜಿಗಳವರು ಭಾನುವಾರದ ಶಾಲೆಗಳಲ್ಲಿ ಅವರಿಗೆ ಇಂಗ್ಲಿಷನ್ನು ಕಲಿಸಿದರು. ಸುಮಾರು ಹತ್ತು ವರ್ಷಗಳಲ್ಲಿ ಅವರು ಚದುರಿಹೋದರು.

ಈಚಿನ ಹೊಸಬರು ಬೇರೆ ಬಗೆಯವರು. ಎರಿಕ್ ರಡ್ ಎಂಬ ಶಿಲ್ಪಿ ರಾಜಧಾನಿ ವಾಷಿಂಗ್ಟನನ್ನು ಬಿಟ್ಟು ಬಂದು ಬೀವರ್ ಮಿಲ್ ಎಂಬ ಹಳೆಯ ಗಿರಣಿಯನ್ನು ಕೊಂಡುಕೊಂಡ ಕಾಲಕ್ಕೆ ಸಂಗ್ರಹಾಲಯವಿನ್ನೂ ಕಾಗದದ ಮೇಲಿತ್ತು. ಮುಂದೆ ಎಕ್ಲಿಪ್ಸ್ ಮಿಲ್ ಎಂಬ ಇನ್ನೊಂದು ಗಿರಣಿಯಲ್ಲಿ, ಕಲಾವಿದರು ವಾಸವಾಗಿದ್ದುಕೊಂಡು ಕೆಲಸವನ್ನೂ ಮಾಡಬಹುದಾದ ೪೦ ಮನೆಗಳನ್ನು ಅವನು ಏರ್ಪಡಿಸಿದನು. ಇಲ್ಲಿ ಸೂಕ್ಷ್ಮವಾದ ವ್ಯತ್ಯಾಸವೊಂದಿದೆ. ಸಂಗ್ರಹಾಲಯಕ್ಕೆ ಬಂದು ಕೃತಿಯನ್ನು ಕಟ್ಟಿ ಹೋಗುವ ಕಲಾವಿದನು ಊರಿಗೆ ಪ್ರವಾಸಿ. ಗಿರಣಿಯೊಳಗೆ ಮನೆ ಮಾಡಿಕೊಂಡವನು ಊರಿಗೆ ತೆರಿಗೆ ಕೊಡುತ್ತಾನೆ, ಮಕ್ಕಳನ್ನು ಅಲ್ಲಿಯ ಶಾಲೆಗೆ ಕಳಿಸುತ್ತಾನೆ, ಆಸ್ಪತ್ರೆ ಮುಚ್ಚಿದಾಗ ಅವನಿಗೂ ಆಸ್ಪತ್ರೆ ಮುಚ್ಚುತ್ತದೆ. ಊರನ್ನು ಉಳಿಸುವುದರಲ್ಲಿ ಕಲಾವಿದನ ಪಾತ್ರವೇನಾದರೂ ಇದ್ದರೆ ಅದು ಕಲಾವಿದನಾಗಿರುವುದರಿಂದ ಮಾತ್ರವಲ್ಲ, ಊರಿನ ಸುಖದುಃಖಗಳಿಗೆ ಕಟ್ಟುಬಿದ್ದ ನಿವಾಸಿಯಾಗಿರುವುದರಿಂದ ಬಂದುದು. ಈ ಎರಡನೆಯ ಬಗೆಯವರು ಹೆಚ್ಚು ಸದ್ದು ಮಾಡುವುದಿಲ್ಲವಾದ್ದರಿಂದ ಪುನರುಜ್ಜೀವನದ ಕಥನಗಳಲ್ಲಿ ಅವರಿಗೆ ದೊರೆಯುವ ಸ್ಥಾನ ಕಡಮೆ.

೭

ಕ್ರೆನ್ಸ್ ನ್ಯೂಯಾರ್ಕಿಗೆ ಹೋದ ಮೇಲೆ ಅವನ ಮುಂದಾಳುತನದಲ್ಲಿ ಗುಗೆನ್‌ಹೈಮ್ ಸಂಸ್ಥೆಯು ಸ್ಪೇನಿನ ಬಿಲ್ಬಾವೊ ಎಂಬ ಹಡಗುಕಟ್ಟೆಯ ನಗರದಲ್ಲಿ ೧೯೯೭ರಲ್ಲಿ ತೆರೆದ ಸಂಗ್ರಹಾಲಯವು ಲೋಕವಿಖ್ಯಾತವಾಯಿತು. ಅಲ್ಲಿಂದೀಚೆಗೆ ಬಡವಾದ ಊರುಗಳ ಆಡಳಿತಗಾರರೆಲ್ಲರೂ ಕಲೆಯ ಮಂತ್ರವನ್ನು ಜಪಿಸತೊಡಗಿದ್ದಾರೆ. ಆದ್ದರಿಂದ ನಾರ್ತ್ ಆಡಮ್ಸಿನ ಲೆಕ್ಕವು ನಾರ್ತ್ ಆಡಮ್ಸಿಗೆ ಮಾತ್ರ ಸಂಬಂಧಿಸಿದುದಲ್ಲ.

ಹತ್ತಿಯ ವ್ಯಾಪಾರದಿಂದಲೇ ಬೆಳೆದ, ನಾವು ಬಾಳುತ್ತಿರುವ ಈ ಮುಂಬಯಿಯಲ್ಲಿ ಇನ್ನೊಂದು ಬಗೆಯ ಉತ್ತರವನ್ನು ಕಂಡಿದ್ದೇವೆ. ೧೯೮೨ರ ಜನವರಿಯಲ್ಲಿ ದತ್ತಾ ಸಾಮಂತರ ಮುಂದಾಳುತನದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಹೂಡಿದ ಮುಷ್ಕರದ ತರುವಾಯ ಗಿರಣಗಾಂವಿನ ಚಿಮಣಿಗಳು ಒಂದೊಂದಾಗಿ ಆರಿದವು. ಗಿರಣಿಗಳ ಭೂಮಿಯನ್ನು ಬಯಲಿಗೂ, ಸಾರ್ವಜನಿಕ ವಸತಿಗೂ, ಮಾಲಿಕರಿಗೂ ಮೂರು ಪಾಲು ಮಾಡಬೇಕೆಂದು ೧೯೯೧ರಲ್ಲಿ ಮಾಡಿದ ನಿಯಮವು, ೨೦೦೧ರ ತಿದ್ದುಪಡಿಯಿಂದ ಖಾಲಿ ನೆಲಕ್ಕೆ ಮಾತ್ರ ಸೀಮಿತವಾಯಿತು. ೨೦೦೬ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಗಿರಣಿಯ ಹೆಸರುಗಳು ಈಗ ಮಾರಾಟಮಳಿಗೆಗಳ, ಉಪಾಹಾರಗೃಹಗಳ ಹೆಸರುಗಳಾಗಿ ಉಳಿದಿವೆ. ಅಣ್ಣಾಭಾವು ಸಾಠೆ, ಅಮರ ಶೇಖ್, ನಾರಾಯಣ ಸುರ್ವೆ ಇಂಥವರ ಹಾಡು ಕವನಗಳು ಹುಟ್ಟಿಬಂದುದು ಆ ಗಿರಣಿಗಳ ಬದುಕಿನಿಂದ. ಸ್ಪ್ರೇಗಿನ ವಾದ್ಯಮೇಳದಂತೆ ಇದೂ ದುಡಿಮೆಯ ಒಳಗಿನಿಂದಲೇ ಬಂದ ಕಲೆ. ಇಲ್ಲಿ ಕಟ್ಟಡಗಳೂ ಹೋದವು, ಆ ಕಲೆಗೆ ಆಸರೆಯಾಗಿದ್ದ ಬದುಕೂ ಹೋಯಿತು. ನಾರ್ತ್ ಆಡಮ್ಸಿನಲ್ಲಿ ಕಟ್ಟಡಗಳಾದರೂ ಉಳಿದು, ಲಾಭಕ್ಕಾಗಿಯಲ್ಲದೆ ಜನರಿಗಾಗಿ ತೆರೆದಿವೆ. ಇಷ್ಟರ ಮಟ್ಟಿಗೆ ಅವರ ಪ್ರಯೋಗವು ನಮ್ಮ ನಗರದ್ದಕ್ಕಿಂತ ಶ್ರೇಷ್ಠವೆಂದು ನಿಸ್ಸಂಕೋಚವಾಗಿ ಹೇಳಬೇಕು.

ಆದುದರಿಂದ ನಮ್ಮ ತೀರ್ಮಾನವನ್ನು ಹೀಗೆ ಸಂಗ್ರಹಿಸಬಹುದು. ಜೀರ್ಣೋದ್ಧಾರದಲ್ಲಿ ನಾರ್ತ್ ಆಡಮ್ಸಿನ ಸಂಗ್ರಹಾಲಯವು ಸಂಪೂರ್ಣವಾಗಿ ಗೆದ್ದಿದೆ. ರಂಗಭೋಗದಲ್ಲಿ ಅದರ ಸಾಧನೆ ಅಸಮವಾದರೂ ಹಿರಿದು. ಕೈಯ ದುಡಿಮೆಯನ್ನು ಕುರಿತು ಯೋಚಿಸುವ ಕೃತಿಗಳು ಅಲ್ಲಿ ಬೇರೆಲ್ಲಿಯೂ ಪಡೆಯದ ಅರ್ಥವನ್ನು ಪಡೆದಿವೆ. ಆಹಾರ, ಅಭಯ, ಭೈಷಜ್ಯಗಳ ವಿಷಯದಲ್ಲಿ ಊರು ಇನ್ನೂ ಕೊರತೆಯಲ್ಲಿದೆ. ಆ ಕೊರತೆಯನ್ನು ನೀಗಿಸುವುದು ಕಲೆಯಿಂದ ಆಗುವ ಕೆಲಸವಲ್ಲ, ಸರಕಾರವೂ ಉದ್ಯಮವೂ ಸಂಘಟಿತ ಜನರೂ ಮಾಡಬೇಕಾದ ಕೆಲಸ. ಕಲೆಯನ್ನು ಇವೆಲ್ಲಕ್ಕೂ ಬದಲಿಯಾಗಿ ಮುಂದೆ ಮಾಡುವವರು ಕಲೆಗೂ ಅನ್ಯಾಯ ಮಾಡುತ್ತಾರೆ, ಊರಿಗೂ ಅನ್ಯಾಯ ಮಾಡುತ್ತಾರೆ. ಸಂಗ್ರಹಾಲಯದ ನೌಕರರು ೨೦೨೪ರಲ್ಲಿ ಬಾಗಿಲಲ್ಲಿ ನಿಂತು ಕೇಳಿದ ಕೂಲಿಯ ಪ್ರಶ್ನೆಯನ್ನು ಇಂಥ ಯೋಜನೆಗಳ ಮೊದಲ ಪುಟದಲ್ಲಿಯೇ ಕೇಳುವಂತಾಗಬೇಕು.

ಹುಟ್ಟಿದ ನೆಲವನ್ನು ಬಿಟ್ಟು ಇನ್ನೊಬ್ಬರ ಊರಿನಲ್ಲಿ ಬೇರುಬಿಟ್ಟ ನಮ್ಮಂಥವರಿಗೆ ಈ ವಿಚಾರ ಕೇವಲ ಪರದೇಶದ ವಾರ್ತೆಯಾಗಿರಲಾರದು. ಹೋಟೆಲುಗಳಲ್ಲಿ ದುಡಿಯುವ ಹುಡುಗರಿಗಾಗಿ ನಮ್ಮ ಹಿರಿಯರು ಈ ನಗರದಲ್ಲಿ ರಾತ್ರಿಶಾಲೆಗಳನ್ನು ನಡೆಸಿದರು. ನಾಟಕವಾಡುವ ಸಂಘಗಳನ್ನು ಕಟ್ಟಿದವರೂ ಅಂಥವರೇ. ರಂಗಭೋಗವೂ ಶಾಸ್ತ್ರದಾನವೂ ಬೇರೆಯಲ್ಲವೆಂಬುದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಹೊಸಬರು ಒಂದು ಊರಿಗೆ ಏನನ್ನು ತಂದರೆಂದು ಕೇಳುವಾಗ, ಅವರು ತಂದ ಕಲೆಯ ಜೊತೆಗೆ ಅವರು ಹಂಚಿಕೊಂಡ ಹೊರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗಿದೆ.